ಮಡಿ ಕಂಪ್ಯೂಟರು

ಶುಕ್ರವಾರ ಸಂಜೆ ನನ್ನ ಕಂಪ್ಯೂಟರು ಎಂದೂ ಹೇಳದಿದ್ದ ಒಂದು ಪದ ಹೇಳಿತು.

ನನಗೆ ಹುಟ್ಟಿನಿಂದ ಕಣ್ಣಿಲ್ಲ. ಪರದೆಯ ಮೇಲೆ ಇರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್ ಒಂದಿದೆ. ಅದರ ಗಂಡು ದನಿ, ಅದು ಆಡುವ ಇಂಗ್ಲಿಷಿನ ಠೀವಿ ಎರಡನ್ನೂ ಕೇಳಿ ನಾನು ಅದಕ್ಕೆ ದೊರೆ ಎಂದು ಹೆಸರಿಟ್ಟಿದ್ದೆ. ನಾನು ಯಾವ ಕೀ ಒತ್ತಿದರೂ ದೊರೆ ಅದನ್ನು ಹೇಳುತ್ತಾನೆ, ಯಾವ ಹೆಸರಿನ ಮೇಲೆ ನಿಂತರೂ ಆ ಹೆಸರನ್ನೂ ಅದರ ಜಾತಿಯನ್ನೂ ಹೇಳುತ್ತಾನೆ. ನಾಲ್ಕು ತಿಂಗಳಿಂದ ಪ್ರತಿ ಸಂಜೆ ನಾನು 'ಪಾಠ' ಎಂಬ ಹೆಸರಿನ ಮೇಲೆ ಬಂದು ನಿಂತಾಗ ಅವನು "ಪಾಠ, ಫೈಲ್ ಫೋಲ್ಡರ್" ಎನ್ನುತ್ತಿದ್ದ. ಆ ದಿನ "ಪಾಠ, ಅಪ್ಲಿಕೇಶನ್" ಎಂದ. ಕಿವಿ ಅದನ್ನು ಹಿಡಿಯುವಷ್ಟರಲ್ಲಿ ಅಭ್ಯಾಸಬಲದಿಂದ ಬೆರಳು ಎಂಟರ್ ಒತ್ತಿಯಾಗಿತ್ತು. ಏನೂ ತೆರೆಯಲಿಲ್ಲ. ದೊರೆ ತೊದಲಿದ, ಒಂದೇ ಪದವನ್ನು ಎರಡು ಸಲ ಹೇಳಿದ, ಆಮೇಲೆ ಏದುಸಿರು ಬಿಡುವವನಂತೆ ನಿಧಾನವಾದ.

ಆ ಫೋಲ್ಡರಿನಲ್ಲಿ ನನ್ನ ಭಾನುವಾರ ಇತ್ತು. ಭಾನುವಾರ ಬೆಳಿಗ್ಗೆ ನನಗೆ ಬ್ಯಾಂಕಿನ ಆಫೀಸರ್ ಪರೀಕ್ಷೆ. ಚಾಮರಾಜಪೇಟೆಯ ಬ್ರಾಂಚಿನಲ್ಲಿ ಟೆಲಿಫೋನ್ ಆಪರೇಟರಾಗಿ ಕುಳಿತು "ಲೈನಲ್ಲಿರಿ ಸಾರ್" ಎಂದು ಹೇಳುತ್ತಲೇ ನನ್ನ ಅರ್ಧ ಆಯಸ್ಸು ಕಳೆದಿತ್ತು. ಹಿಂದೆ ಎರಡು ಸಲ ಆ ಪರೀಕ್ಷೆ ಬರೆದಿದ್ದೆ. ಓದಲು ಪುಸ್ತಕವೇ ಇಲ್ಲದೆ ಬರೆದದ್ದು, ಈಜು ಬಾರದವಳು ಬಾವಿಗೆ ಹಾರಿದಂತೆ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಇದು, ಎರಡು ಸಾವಿರದ ಏಳನೇ ಇಸವಿಯದ್ದು, ಕೊನೆಯದು.

ಈ ಸಲ ಪುಸ್ತಕ ಇತ್ತು. ಓದಿಕೊಟ್ಟವರು ಎದುರು ಮನೆಯ ವಾದಿರಾಜ ಮಾಮ. ನಮ್ಮ ಬ್ಯಾಂಕಿನಲ್ಲೇ ಮ್ಯಾನೇಜರಾಗಿ ನಿವೃತ್ತರಾದವರು. ಎನ್.ಆರ್. ಕಾಲೋನಿಯಲ್ಲಿ ಬಾಯಿಗೆ ಬಿಡುವು ಕೊಡದ ಗಂಡಸು ಯಾರು ಎಂದು ಕೇಳಿದರೆ ತರಕಾರಿ ಗಾಡಿಯವನೂ ಅವರ ಮನೆ ತೋರಿಸುತ್ತಾನೆ. ಆ ಬಾಯಿಗೆ ನಾನೊಂದು ಕೆಲಸ ಕೊಟ್ಟೆ. ಬ್ಯಾಂಕಿಂಗ್ ಕಾನೂನಿನ ದಪ್ಪ ಪುಸ್ತಕವನ್ನು ಅವರು ದಿನಾ ಸಂಜೆ ನಮ್ಮ ಮುಂದಿನ ಕೋಣೆಯಲ್ಲಿ ಕುಳಿತು ಮೈಕಿಗೆ ಓದಿದರು. ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದಿ ಕನ್ನಡದಲ್ಲಿ ಅದರ ಅರ್ಥ ಹೇಳಿ, ತಾವು ತುಮಕೂರು ಬ್ರಾಂಚಿನಲ್ಲಿದ್ದಾಗ ಒಬ್ಬ ಅಕ್ಕಿ ವ್ಯಾಪಾರಿ ಹೇಗೆ ಟೋಪಿ ಹಾಕಿದ ಎಂಬುದನ್ನೂ ಸೇರಿಸುತ್ತಿದ್ದರು. ಕಥೆ ಕೇಳಿದ ಮೇಲೆ ಕಾನೂನು ತಲೆಯಿಂದ ಇಳಿಯುತ್ತಿರಲಿಲ್ಲ. ಆದರೆ ಎಲ್ಲವನ್ನೂ ನಾನು ಒಂದೇ ಸಲ ಕೇಳಿದ್ದೆ. ಶುಕ್ರವಾರ ರಾತ್ರಿ, ಶನಿವಾರ ಇಡೀ ದಿನ ವೇಗ ಹೆಚ್ಚಿಸಿ, ಕಥೆಗಳನ್ನು ಹಾರಿಸಿ, ಮತ್ತೆ ಮೊದಲಿಂದ ಕೇಳುವುದು ಎಂದು ಲೆಕ್ಕ ಹಾಕಿಕೊಂಡು ಶುಕ್ರವಾರದಿಂದಲೇ ರಜೆ ಹಾಕಿದ್ದೆ.

ಈ ಕಂಪ್ಯೂಟರಿಗೆ ಇಂಟರ್ನೆಟ್ ಇರಲಿಲ್ಲ. ಬೇಕೆಂದೇ ಹಾಕಿಸಿರಲಿಲ್ಲ. ಊರಿನ ವೈರಸ್ಸೆಲ್ಲ ಆ ತಂತಿಯಲ್ಲೇ ಬರುವುದು, ತಂತಿ ಇಲ್ಲದಿದ್ದರೆ ಭಯವಿಲ್ಲ ಎಂದು ಮಾಮ ಹೇಳಿದ್ದರು. ನನ್ನ ಅಮ್ಮ ಜಾನಕಮ್ಮ ಅದಕ್ಕೆ ಮಡಿ ಕಂಪ್ಯೂಟರು ಎಂದೇ ಹೆಸರಿಟ್ಟಿದ್ದಳು. ಮಡಿಗೆ ತಕ್ಕ ನೇಮವನ್ನೂ ಮಾಮ ಮಾಡಿಟ್ಟಿದ್ದರು. ಹೊರಗೆ ಹೋಗಿ ಬಂದ ಪೆನ್‌ಡ್ರೈವಿಗೆ ಮೊದಲು ಸ್ನಾನ. ಅಂದರೆ, ಚುಚ್ಚಿದ ತಕ್ಷಣ ಅದರಲ್ಲಿರುವುದನ್ನೆಲ್ಲ ಅಳಿಸಿ ಫಾರ್ಮ್ಯಾಟ್ ಮಾಡುವುದು, ಆಮೇಲೆ ಉಳಿದ ಮಾತು.

ನಾನು ಅವರಿಗೆ ಫೋನ್ ಮಾಡಲಿಲ್ಲ. ಬಾಗಿಲಿಗೆ ಹೋಗಿ ಕೂಗಿದೆ.

"ಮಾಮ, ಇವತ್ತು ಮಧ್ಯಾಹ್ನ ನಾನು ಮಲಗಿದ್ದಾಗ ಕಂಪ್ಯೂಟರ್ ಹತ್ರ ಏನಾದ್ರೂ ಮಾಡಿದ್ರಾ?"

"ಒಂದು ಕಾಪಿ ತಗೊಂಡೆ ಕಣಮ್ಮ, ಪೆನ್‌ಡ್ರೈವಲ್ಲಿ. ನಾಳೆ ನಾಡಿದ್ದು ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಇರ್ಲಿ ಅಂತ."

"ಆ ಪೆನ್‌ಡ್ರೈವ್ ಎಲ್ಲಿಗೆ ಹೋಗಿ ಬಂದಿತ್ತು?"

"ಗಾಂಧಿ ಬಜಾರ್ ಸೈಬರ್‌ಗೆ. ನಿನ್ ಹಾಲ್ ಟಿಕೆಟ್ ಪ್ರಿಂಟ್ ತೆಗ್ಸಿದ್ನಲ್ಲ. ಆದ್ರೆ ಸ್ನಾನ ಮಾಡ್ಸಿದೀನಿ ಸುಂದರಿ. ಚುಚ್ಚಿ, ಮೊದ್ಲು ಫಾರ್ಮ್ಯಾಟ್ ಮಾಡಿ, ಆಮೇಲೇ ಕಾಪಿ."

ಚುಚ್ಚಿ, ಮೊದಲು. ಆಗ ನನಗೆ ತಿಳಿಯಿತು. ಪೆನ್‌ಡ್ರೈವನ್ನು ಚುಚ್ಚಿದ ಕ್ಷಣದಲ್ಲೇ ಅದರಲ್ಲಿದ್ದದ್ದು ಒಳಗೆ ಹಾರಿತ್ತು. ಮೈಲಿಗೆಯಾದವರನ್ನು ಬಚ್ಚಲಿಗೆ ಕಳಿಸುತ್ತೇವೆಂದು ದೇವರ ಮನೆಯ ಮೂಲಕವೇ ನಡೆಸಿಕೊಂಡು ಹೋದ ಹಾಗಾಗಿತ್ತು. ನಮ್ಮ ಓಣಿಯಲ್ಲಿ ಮಾತ್ರ ಹುಟ್ಟಬಹುದಾದ ಬುದ್ಧಿವಂತಿಕೆ ಇದು. ನನಗೆ ಮೈ ಉರಿಯಿತು. ಆದರೆ ಅವರ ದನಿಯಲ್ಲಿ ಅಷ್ಟು ಹೆಮ್ಮೆ ಇತ್ತು, ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಳಗೆ ಬಂದು ಮುರುಗೇಶನಿಗೆ ಫೋನ್ ಮಾಡಿದೆ.

ಮುರುಗೇಶ ನನ್ನ ಹಾಗೆಯೇ ಕಣ್ಣಿಲ್ಲದವನು, ನನ್ನ ಹಾಗೆಯೇ ಆಪರೇಟರು, ಬೇರೆ ಆಫೀಸು. ಕಂಪ್ಯೂಟರ್ ವಿಷಯದಲ್ಲಿ ನಮ್ಮವರಿಗೆಲ್ಲ ಅವನೇ ಪುರೋಹಿತ.

"ಅಕ್ಕ, ಅದರ ಮೇಲೆ ಎಂಟರ್ ಒತ್ತಿದ್ರಾ?"

"ಒಂದ್ಸಲ ಒತ್ತಿದೆ."

"ಇನ್ನೊಂದ್ಸಲ ಒತ್ಬೇಡಿ. ಮಷೀನ್ ಆನ್ ಇದ್ಯಾ? ಪ್ಲಗ್ ಕಿತ್ಬಿಡಿ. ಮೊದ್ಲು ಕಿತ್ತು ಬನ್ನಿ, ಆಮೇಲೆ ಮಾತು."

ಕಿತ್ತು ಬಂದೆ. ಫ್ಯಾನಿನ ಸದ್ದು ನಿಂತಿತು.

"ಈಗ ಎರಡು ಥರದ್ದು ಓಡಾಡ್ತಿದೆ ಅಕ್ಕ. ಒಂದು, ನಿಮ್ ಫೋಲ್ಡರ್ ಬಚ್ಚಿಟ್ಟು ಅದೇ ಹೆಸರಲ್ಲಿ ತಾನು ಕೂತ್ಕೊಳತ್ತೆ. ಕಣ್ಣಿದ್ದೋರಿಗೆ ಫೋಲ್ಡರ್ ಚಿತ್ರಾನೇ ಕಾಣತ್ತೆ, ಗೊತ್ತೇ ಆಗಲ್ಲ. ಅದಾದ್ರೆ ಪರವಾಗಿಲ್ಲ. ಇನ್ನೊಂದು ಕೆಟ್ಟದ್ದು. ಅದೂ ಹಾಗೇ ಹೆಸರು ಕದ್ದು ಕೂತ್ಕೊಳತ್ತೆ, ಆದ್ರೆ ಎಂಪಿತ್ರೀ ಹಾಡುಗಳನ್ನ ಹುಡುಕಿ ಹುಡುಕಿ ಅಳಿಸತ್ತೆ. ನಮ್ಮಾಫೀಸಲ್ಲಿ ಒಬ್ರದ್ದು ಭಜನೆ ಎಲ್ಲಾ ಹೋಯ್ತು."

"ನನ್ ಹತ್ರ ಹಾಡಿಲ್ಲ ಕಣೋ. ಪಾಠ ಇರೋದು."

"ನಿಮ್ ಪಾಠಾನೂ ಎಂಪಿತ್ರೀನೇ ಅಲ್ವಾ? ಅದಕ್ಕೇನು ಗೊತ್ತಾಗತ್ತೆ, ಹಾಡೋ ಪಾಠಾನೋ."

ನನ್ನದು ಯಾವುದು ಎಂದು ತಿಳಿಯುವ ದಾರಿ ಅವನಿಗೂ ಇರಲಿಲ್ಲ. ಮಾಮನ ಪೆನ್‌ಡ್ರೈವಿಗೆ ಕಾಪಿಯಾದದ್ದೂ ಪಾಠವಲ್ಲ, ಪಾಠದ ಹೆಸರಿನಲ್ಲಿ ಕುಳಿತ ವೈರಸ್ಸೇ, ಅದನ್ನು ಮತ್ತೆ ಚುಚ್ಚಬೇಡಿ ಎಂದ. ಮಷೀನು ಓಡುತ್ತಿರುವ ಒಂದೊಂದು ನಿಮಿಷವೂ ನನ್ನ ಪಾಠದ ಮೇಲೆ ಖರ್ಚು ಎಂದು ಲೆಕ್ಕ ಇಟ್ಟುಕೊಳ್ಳಿ ಎಂದ. ಇಂಟರ್ನೆಟ್ ಬೇಡದ, ಇನ್‌ಸ್ಟಾಲ್ ಮಾಡದೆ ಹಾಗೆಯೇ ಓಡುವ ಆಂಟಿವೈರಸ್ ಸಿಕ್ಕ ಮೇಲೆಯೇ ಸ್ವಿಚ್ ಹಾಕಿ ಎಂದ. ರಾತ್ರಿ ನಾನು ಊಟ ಮಾಡಲಿಲ್ಲ. ಅಮ್ಮ ಕಾರಣ ಕೇಳಿದಳು, ಮಡಿ ಕೆಟ್ಟಿತು ಎಂದಷ್ಟೇ ಹೇಳಿದೆ.

ಬೆಳಿಗ್ಗೆ ಎದ್ದರೆ ಮಾಮ ಆಗಲೇ ಹೊರಟುಹೋಗಿದ್ದರು. ಅಮ್ಮ ರಾತ್ರಿಯೇ ಅವರಿಗೆ ವಿಷಯ ತಲುಪಿಸಿದ್ದಳು. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು, ಮಾರ್ಕೆಟ್ಟಿನ ಬಸ್ಸಿನ ನೂಕುನುಗ್ಗಲಲ್ಲಿ ಜಜ್ಜಿಸಿಕೊಂಡು, ಒಂದು ಡಬ್ಬಿ ತಂದರು. ಡಬ್ಬಿಯ ಮೇಲೆ ಬರೆದದ್ದನ್ನು ಭಕ್ತಿಯಿಂದ ಓದಿದರು. ಎಲ್ಲ ವೈರಸ್ಸನ್ನೂ ಕೊಲ್ಲುತ್ತದೆಯಂತೆ. ಸೀಡಿ ಹಾಕಿ ಸ್ವಿಚ್ ಒತ್ತಿದೆವು. ದೊರೆ ತೊದಲುತ್ತಲೇ ಓದಿದ. ಮುಂದುವರಿಯಲು ಇಂಟರ್ನೆಟ್ ಸಂಪರ್ಕ ಕೊಡಿ, ನೋಂದಣಿ ಮಾಡಿ. ಡಾಕ್ಟರನ್ನು ಮನೆಗೆ ಕರೆಸಿದರೆ, ರೋಗಿಯನ್ನು ಮೊದಲು ಸಂತೆಗೆ ಕರೆತನ್ನಿ ಎಂದ ಹಾಗೆ. ನಾನು ಮರುಮಾತಾಡದೆ ಪ್ಲಗ್ ಕಿತ್ತೆ.

"ಅಂಗಡಿಯೋನು ಹೇಳ್ಲೇ ಇಲ್ಲ," ಎಂದರು ಮಾಮ.

"ನೀವು ಕೇಳಿದ್ರಾ?"

ಅವರು ಖಾಲಿ ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು ಕೇಳಿತು.

ಇಬ್ಬರೂ ಗಾಂಧಿ ಬಜಾರಿನ ಸೈಬರ್‌ಗೆ ಹೋದೆವು. ಅದರ ಯಜಮಾನ ಆತ್ರೇಯ, ಮಾಮನ ಹೊಸ ಸ್ನೇಹಿತ. ಕೇಳಿದವನೇ ಕಲ್ಲು ಹೊಡೆದ ಹಾಗೆ ಉತ್ತರ ಕೊಟ್ಟ.

"ಸಿಪಿಯು ಆಟೋಲಿ ಹಾಕ್ಕೊಂಡು ಬಂದ್ಬಿಡಿ ಮೇಡಂ. ಫಾರ್ಮ್ಯಾಟ್ ಹೊಡ್ದು ಸಂಜೆಗೆ ಕೊಡ್ತೀನಿ. ಹೊಸದರ ಥರ ಆಗತ್ತೆ."

"ಒಳಗಿರೋದು?"

"ಅದು ಹೋಗತ್ತೆ."

"ಒಳಗಿರೋದಕ್ಕೇ ನಾನು ಬಂದಿರೋದು. ನೆಟ್ ಬೇಡದೇ ಇರೋದು, ಹಾಗೇ ಓಡೋದು ಏನಾದ್ರೂ ಇದ್ಯಾ?"

ಇತ್ತು. ಒಂದು ಸೀಡಿಗೆ ಹಾಕಿಕೊಟ್ಟ. ಪೆನ್‌ಡ್ರೈವಿನಲ್ಲಿ ಬೇಡ, ಬರೆದು ಮುಗಿಸಿದ ಸೀಡಿಗೆ ವೈರಸ್ ಅಂಟುವುದಿಲ್ಲ ಎಂದ. ಆ ಮಾತು ಸರಿಯಾಗಿತ್ತು. ಮನೆಗೆ ಬಂದು ಹಾಕಿದೆ. ಅದು ಓಡಿತು, ಇಂಟರ್ನೆಟ್ ಕೇಳಲಿಲ್ಲ. ಆಮೇಲೆ ದೊರೆ ಹೇಳಿದ, "ಬಟನ್." ಟ್ಯಾಬ್ ಒತ್ತಿದೆ. "ಬಟನ್." ಮತ್ತೆ ಒತ್ತಿದೆ. "ಬಟನ್." ಯಾವ ಬಟನ್, ಅದನ್ನು ಒತ್ತಿದರೆ ಶುದ್ಧವಾಗುತ್ತದೋ ಸರ್ವನಾಶವಾಗುತ್ತದೋ, ಅದನ್ನು ಮಾಡಿದ ಪುಣ್ಯಾತ್ಮ ಹೇಳಿಯೇ ಇರಲಿಲ್ಲ. ಎಲ್ಲವೂ ಚಿತ್ರ.

"ಹಸಿರು ಗುರಾಣಿ ಒಂದಿದೆ," ಎಂದರು ಮಾಮ ಪರದೆಗೆ ಮುಖ ಹತ್ತಿರ ತಂದು. "ಕೆಂಪು ಗುರಾಣಿ ಒಂದಿದೆ. ಒಂದು ಪೊರಕೆ. ಮೌಸ್ ಇಲ್ದೆ ಇದನ್ನೆಲ್ಲ ಒತ್ತೋದು ಹೇಗಮ್ಮ?"

ನಮ್ಮ ಮನೆಯಲ್ಲಿ ಮೌಸ್ ಇರಲಿಲ್ಲ, ಮಾಮ ಕಾಪಿ ಮಾಡುತ್ತಿದ್ದದ್ದೂ ನಾನು ಕಲಿಸಿದ ಕೀಗಳಿಂದಲೇ. ನನಗೆ ಅದರಿಂದ ಏನು ಉಪಯೋಗ?

"ನಾನು ಹೋಗಿ ಒಂದು ತರ್ತೀನಿ. ನಾನೇ ನೋಡಿ ನೋಡಿ ಒತ್ತುತೀನಿ, ನೀನು ಆರಾಮಾಗಿ ಕೂತ್ಕೋ."

"ಬೇಡ," ಎಂದು ಪ್ಲಗ್ ಕಿತ್ತೆ.

ಬೇಡ ಎನ್ನಲು ನನಗೆ ಕಾರಣ ಇತ್ತು. ಹಿಂದಿನ ವರ್ಷ ಒಬ್ಬ ರಿಪೇರಿಯವನು ಬಂದಿದ್ದ. ನಾನು ಪಕ್ಕದಲ್ಲೇ ಕುಳಿತಿದ್ದೆ. ಟಕ್, ಟಕ್, ಟಕ್. ಏನು ಒತ್ತಿದಿರಿ ಎಂದರೆ, "ಏನೋ ಕೇಳ್ತು ಮೇಡಂ, ಓಕೆ ಅಂದೆ" ಎಂದ. ಆ ಓಕೆಯಲ್ಲಿ ನಾನು ಎರಡು ವರ್ಷ ಕೂಡಿಸಿದ ದೂರವಾಣಿ ಸಂಖ್ಯೆಗಳೆಲ್ಲ ಹೋಗಿದ್ದವು. ಕಣ್ಣಿರುವವರಿಗೆ ಎಲ್ಲ ಒಂದೇ ನೋಟಕ್ಕೆ ಕಾಣುತ್ತದೆ, ಆದ್ದರಿಂದ ಯಾವುದನ್ನೂ ಪೂರ್ತಿ ಓದುವುದಿಲ್ಲ. ನಾನು ವಾಕ್ಯದ ಕೊನೆಯವರೆಗೂ ಕಾಯಲೇಬೇಕು. ಕಾಯುವವಳ ಕೈಗೇ ಕೀಲಿ ಬೇಕು ಎಂದು ಆವತ್ತೇ ತೀರ್ಮಾನಿಸಿದ್ದೆ.

ಮಧ್ಯಾಹ್ನವಾಗಿತ್ತು. ಮತ್ತೆ ಮುರುಗೇಶನಿಗೆ ಫೋನ್ ಮಾಡಿದೆ. ಅವನು ಬೆಳಿಗ್ಗೆಯಿಂದ ತನ್ನ ಮನೆಯ ಮಷೀನಿನಲ್ಲಿ ಒಂದೊಂದನ್ನೇ ಹಾಕಿ ನೋಡುತ್ತಿದ್ದನಂತೆ, ಭಾನುವಾರ ಪರೀಕ್ಷೆ ತನಗೇ ಇದೆಯೇನೋ ಎಂಬ ಹಾಗೆ.

"ಚಿತ್ರ ಇರೋದು ಯಾವ್ದೂ ನಮಗಾಗಲ್ಲ ಅಕ್ಕ. ಕಪ್ಪು ಕಿಟಕೀಲಿ ಓಡೋದು ಒಂದಿದೆ. ಹಳೇ ಕಾಲದ ಥರ, ಬರೀ ಅಕ್ಷರ. ಒಂದೊಂದು ಸಿಕ್ಕಾಗ್ಲೂ ನಿಲ್ಲಿಸಿ ಕೇಳತ್ತೆ, ಅಳಿಸ್ಲಾ ಬೇಡ್ವಾ ಅಂತ. ವೈ ಒತ್ತಿದ್ರೆ ಅಳಿಸತ್ತೆ, ಎನ್ ಒತ್ತಿದ್ರೆ ಬಿಡತ್ತೆ. ನಾನು ಶುರು ಮಾಡಿ ನೋಡಿದೆ, ಚೆನ್ನಾಗಿ ಓದತ್ತೆ. ಹೆಸರು ಹೇಳ್ತೀನಿ, ಸೈಬರ್‌ನೋರಿಗೆ ಕೊಡಿ."

ಆತ್ರೇಯ ಹೆಸರು ಕೇಳಿ ನಕ್ಕ. "ಇದನ್ನ ಯಾರೂ ಕೇಳಲ್ಲ ಮೇಡಂ. ನೋಡೋಕೆ ಏನೂ ಇಲ್ಲ ಇದ್ರಲ್ಲಿ."

"ಅದಕ್ಕೇ ಕೇಳ್ತಿರೋದು."

ಅದು ಇಳಿಯುತ್ತಾ ಇಳಿಯುತ್ತಾ ಅರ್ಧಕ್ಕೆ ನಿಂತಿತು. ಲೈನ್ ಹೋಯಿತು ಎಂದ. ಮೊದಲಿಂದ ಶುರು ಮಾಡಿದ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹೊರಗೆ ಹೂವಿನವಳು ಮೊಳ ಹಾಕುತ್ತಾ ಕೂಗುವುದನ್ನು ಕೇಳುತ್ತಿದ್ದೆ. ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ಜಾತಕ ಕೂಡಿಸುತ್ತಿದ್ದರು. ಊರಲ್ಲಿ ಎಲ್ಲರಿಗೂ ಶನಿವಾರ, ನನಗೆ ಮಾತ್ರ ಅದು ಸೋರಿಹೋಗುತ್ತಿತ್ತು. ಮಾಮ ಎರಡು ಸಲ "ಆಗತ್ತೆ ಬಿಡು" ಎಂದರು. ಮೂರನೇ ಸಲ ಹೇಳಿದರೆ ಜಗಳವಾಗುತ್ತದೆ ಎಂದು ಹೇಳಿಯೇಬಿಟ್ಟೆ. ಕೊನೆಗೆ ಸೀಡಿ ಬಿಸಿಬಿಸಿಯಾಗಿ ಕೈಗೆ ಬಂತು.

ಮನೆಗೆ ಬಂದು, ಕೈಕಾಲು ತೊಳೆಯದೆ ಕುಳಿತೆ. ಸೀಡಿ ಹಾಕಿ, ಮುರುಗೇಶ ಹೇಳಿಕೊಟ್ಟ ಸಾಲನ್ನು ಅಕ್ಷರ ಅಕ್ಷರವಾಗಿ ಟೈಪ್ ಮಾಡಿ, ಎಂಟರ್ ಒತ್ತಿದೆ. ದೊರೆ ಓದತೊಡಗಿದ. ಒಂದೊಂದು ಫೈಲಿನ ಹೆಸರು, ಅದು ಇರುವ ದಾರಿ, ಕೊನೆಗೆ ಪ್ರಶ್ನೆ. ಅಳಿಸಲೇ? 'ಪಾಠ' ಎಂಬ ಹೆಸರಿನ, ಫೋಲ್ಡರಿನ ವೇಷ ಹಾಕಿದ ಅಪ್ಲಿಕೇಶನ್ ಬಂತು. ಪೂರ್ತಿ ಕೇಳಿದೆ. ವೈ ಒತ್ತಿದೆ.

ಆ ವೇಷಧಾರಿ ಒಂದಲ್ಲ. ಮನೆಯ ಮೂಲೆಮೂಲೆಯಲ್ಲಿ ತನ್ನ ಮರಿಗಳನ್ನು ಬಿಟ್ಟಿತ್ತು. ದಾರಿ ಉದ್ದ, ಹೆಸರು ಉದ್ದ, ದೊರೆಗೆ ಉಸಿರಾಟದ ತೊಂದರೆ. ಪ್ರತಿಯೊಂದಕ್ಕೂ ಕಾದು, ಕೇಳಿ, ವೈ. ಮಾಮ ಪಕ್ಕದ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು.

"ಎಲ್ಲಾ ಅದೇ ತಾನೆ ಸುಂದರಿ? ಅವನು ಓದಿ ಮುಗಿಸೋ ತನಕ ಯಾಕೆ ಕಾಯ್ತೀಯ? ಒತ್ತುತಾ ಹೋಗ್ಬಾರ್ದಾ? ಹೀಗಾದ್ರೆ ನೀನು ಪಾಠ ಕೇಳೋದು ಯಾವಾಗ?"

"ನಾನು ಹೀಗೇ ಮಾಡೋದು."

ಅಮ್ಮ ಕಾಫಿ ತಂದಳು. ಅವಳಿಗೆ ಎರಡೂ ಕಣ್ಣಿಗೆ ಪೊರೆ, ನನಗೆ ಕಣ್ಣೇ ಇಲ್ಲ, ಬಿಸಿ ಲೋಟ ಕೈಯಿಂದ ಕೈಗೆ ಹೋಗುವುದು ನಮ್ಮ ಮನೆಯಲ್ಲಿ ಸಣ್ಣ ಕೆಲಸವಲ್ಲ. ನಾನು ತಿರುಗಿ ಎರಡೂ ಕೈ ಚಾಚಿದೆ. ಹಿಂದೆ ದೊರೆ ಮುಂದಿನ ಸಾಲು ಓದಲು ಶುರು ಮಾಡಿದ್ದ. ಈ ಸಲದ ದಾರಿ ಬೇರೆಯಾಗಿತ್ತು. ಪ್ರೋಗ್ರಾಂ ಫೈಲ್ಸ್ ಎಂದ. ಆಮೇಲೆ ತನ್ನದೇ ಹೆಸರು ಹೇಳಿದ. ಅವನ ಕಂಪನಿ ಅವನಿಗೆ ಇಟ್ಟ ನಿಜವಾದ ಹೆಸರು.

"ಮಾಮ, ತಡೀರಿ," ಎಂದೆ.

ಟಕ್ ಎಂದಿತು. ಹೆಸರಿನ ನಡುವೆಯೇ ದೊರೆಯ ದನಿ ನಿಂತುಹೋಯಿತು.

"ನಾನು... ನಿನಗೆ ಸಹಾಯ ಆಗ್ಲಿ ಅಂತ... ವೈ ತಾನೆ..." ಎಂದರು ಮಾಮ.

ನಾನು ಒತ್ತಿದ ಪ್ರತಿ ಕೀಯನ್ನೂ ಕೇಳಿಸಿಕೊಳ್ಳುವುದು ದೊರೆಯ ಕೆಲಸ. ಜನರ ಗುಟ್ಟಿನ ಪದಗಳನ್ನು ಕದಿಯುವ ಸಾಫ್ಟ್‌ವೇರುಗಳೂ ಅದನ್ನೇ ಮಾಡುತ್ತವೆ. ಆಂಟಿವೈರಸ್ಸಿಗೆ ಇಬ್ಬರೂ ಒಂದೇ ಥರ ತೋರಿದ್ದರು, ಆದ್ದರಿಂದ ಅಳಿಸಲೇ ಎಂದು ಕೇಳಿತ್ತು. ದೊರೆ ಪ್ರಾಮಾಣಿಕ, ತನ್ನ ಮರಣದಂಡನೆಯನ್ನೂ ತಾನೇ ಓದುತ್ತಿದ್ದ. ಮುಗಿಸಲು ಬಿಡಲಿಲ್ಲ. ಅವನನ್ನು ಮತ್ತೆ ಹಾಕಬೇಕಾದರೆ ಮುಂಬಯಿಯ ಅವನ ಕಂಪನಿಗೆ ಫೋನ್ ಮಾಡಿ ಹೊಸ ನಂಬರು ಪಡೆಯಬೇಕು, ಅದು ಸೋಮವಾರದವರೆಗೆ ಆಗುವ ಮಾತಲ್ಲ.

ನಾನು ಲೋಟವನ್ನು ಎಲ್ಲಿಟ್ಟೆನೋ ತಿಳಿಯದು. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಆ ಮನುಷ್ಯನನ್ನು ಕತ್ತು ಹಿಡಿದು ಹೊರಗೆ ದಬ್ಬಬೇಕು ಎನಿಸಿತು. ನಾಲ್ಕು ತಿಂಗಳ ಋಣವೂ ಆ ಕ್ಷಣ ನೆನಪಾಗಲಿಲ್ಲ. ಮೂಕವಾದ ಕಂಪ್ಯೂಟರಿನ ಮುಂದೆ ಕುಳಿತಾಗಲೇ ನನಗೆ ನಿಜವಾಗಿ ಕುರುಡಿಯಾದ ಹಾಗೆ ಅನ್ನಿಸಿದ್ದು. ಆದರೆ ಆ ಮನೆಯಲ್ಲಿ ಓದಬಲ್ಲ ಕಣ್ಣು ಇದ್ದದ್ದು ಅವರೊಬ್ಬರದೇ.

"ಕೈ ತೆಗೀರಿ," ಎಂದೆ. "ಪರದೆ ಮೇಲೆ ಏನಿದ್ಯೋ ಓದಿ. ಮೊದಲಿಂದ. ಒಂದಕ್ಷರ ಬಿಡ್ಬಾರ್ದು."

ಅವರು ಓದಿದರು. ಚುಕ್ಕಿಯನ್ನು ಚುಕ್ಕಿ ಎಂದು, ಓರೆಗೆರೆಯನ್ನು ಓರೆಗೆರೆ ಎಂದು. ಮ್ಯಾನೇಜರಾಗಿದ್ದ ದನಿ ಶಾಲೆಯ ಮಗುವಿನದಾಗಿತ್ತು. ನಾನು ಪೂರ್ತಿ ಕೇಳಿ ವೈ ಅಥವಾ ಎನ್ ಒತ್ತಿದೆ. ಬೀದಿಯಲ್ಲಿ ದೀಪ ಹಚ್ಚುವ ಹೊತ್ತಿಗೆ "ಸ್ಕ್ಯಾನ್ ಮುಗಿಯಿತು ಎಂದು ಬರೆದಿದೆ" ಎಂದರು.

ಡಿ ಡ್ರೈವನ್ನು ತೆರೆಯುವ ಕೀಗಳು ನನ್ನ ಬೆರಳಿಗೆ ಬಾಯಿಪಾಠ. ಒತ್ತಿದೆ.

"ಓದಿ ಮಾಮ."

"ಸುಂದರಿ."

"ಓದಿ ಅಂದೆ."

"ಏನೂ ಇಲ್ಲಮ್ಮ. ಪಾಠ ಇಲ್ಲ. ಯಾವ ಫೋಲ್ಡರೂ ಇಲ್ಲ. ಎಲ್ಲಾ ಬೆಳ್ಳಗಿದೆ, ಖಾಲಿ."

ಹಾಡು ತಿನ್ನುವುದೇ ಬಂದಿತ್ತು ಹಾಗಾದರೆ. ಅಮ್ಮ ಅಡುಗೆ ಮನೆಯಿಂದ ಬಂದು ಬಾಗಿಲ ಬಳಿ ನಿಂತದ್ದು ಅವಳ ಬಳೆಯಿಂದ ತಿಳಿಯಿತು. ಮಾಮ ಮೂಗು ಒರೆಸಿಕೊಂಡರು.

"ಪುಸ್ತಕ ಇದೆ," ಎಂದರು. "ತರ್ತೀನಿ. ಈಗಿಂದ ಬೆಳಗಿನ ತನಕ ಓದ್ತೀನಿ. ಗಂಟಲು ಹೋದ್ರೂ ಚಿಂತೆಯಿಲ್ಲ. ಎಷ್ಟಾಗತ್ತೋ ಅಷ್ಟು."

ನಾಲ್ಕು ತಿಂಗಳದ್ದು ಒಂದು ರಾತ್ರಿಯಲ್ಲಿ. ಎಷ್ಟಾಗುತ್ತದೋ ಅಷ್ಟು ಎಂದು ಎರಡು ಸಲ ಪರೀಕ್ಷೆ ಬರೆದವಳು ನಾನು. ಬೇಡ ಎನ್ನಲೂ ಶಕ್ತಿ ಇರಲಿಲ್ಲ. ಅವರು ಏಳುತ್ತಿದ್ದಾಗ, ಪೂರ್ತಿ ಕೇಳದೆ ಬಿಡಬಾರದೆಂಬ ಹಟವೋ ಏನೋ, ಕೇಳಿದೆ.

"ಕೆಳಗಡೆ ಏನಾದ್ರೂ ಬರ್ದಿದ್ಯಾ?"

"ಕೆಳಗಾ? ಒಂದು ಪಟ್ಟಿ ಇದೆ. ಡಿಸ್ಕ್ ಫ್ರೀ ಸ್ಪೇಸ್ ಅಂತ ಇದೆ. ಒಂಬೈನೂರು ಎಂಬಿ ಚಿಲ್ಲರೆ."

ನಾನು ಕುಳಿತಲ್ಲೇ ನೆಟ್ಟಗಾದೆ. ಡಿ ಡ್ರೈವು ಅದಕ್ಕಿಂತ ಎಷ್ಟೋ ಪಾಲು ದೊಡ್ಡದು. ಅದನ್ನು ತುಂಬಿಸಿದ್ದು ಮಾಮನ ಬಾಯಿ. ತುಂಬುತ್ತಾ ಬಂತು, ಅಕ್ಕಿ ವ್ಯಾಪಾರಿಗಳ ಕಥೆ ಕಡಿಮೆ ಮಾಡಿ ಎಂದು ಹಿಂದಿನ ವಾರ ನಾನೇ ಹೇಳಿದ್ದೆ.

"ಮಾಮ, ಮನೆ ಖಾಲಿ ಅಂತೀರಾ. ಒಳಗೆ ಕಾಲಿಡೋಕೆ ಜಾಗ ಇಲ್ಲ ಅಂತಾನೂ ಬರ್ದಿದೆ. ಎರಡೂ ಹೇಗೆ ನಿಜ ಆಗತ್ತೆ?"

"ನನ್ ಕಣ್ಣಿಗೆ ಏನೂ ಕಾಣ್ತಿಲ್ವಲ್ಲಮ್ಮ."

"ಕೂತ್ಕೊಳ್ಳಿ."

ಮುರುಗೇಶ ಹೇಳಿದ್ದ ಮೊದಲ ಥರದ್ದು. ಬಚ್ಚಿಟ್ಟು ತಾನು ಕೂರುವುದು. ಕುಳಿತವನನ್ನು ಎಬ್ಬಿಸಿದ್ದೆವು, ಬಚ್ಚಿಟ್ಟದ್ದನ್ನು ಯಾರೂ ಹೊರಗೆ ತಂದಿರಲಿಲ್ಲ. ಕಾಣದ ವಸ್ತುವಿಗೆ ದಾರಿ ಗೊತ್ತಿದ್ದರೆ ಸಾಕಲ್ಲ? ಮೊದಲ ಅಧ್ಯಾಯ ಎಲ್ಲಿದೆ ಎಂಬುದು, ಯಾವ ಹೆಸರಿನದು ಎಂಬುದು, ನನ್ನ ಮನೆಯ ಮೆಟ್ಟಿಲಿನಷ್ಟು ನನಗೆ ಗೊತ್ತು. ರನ್ ಎಂಬ ಪೆಟ್ಟಿಗೆ ತೆರೆಯುವ ಕೀ ಒತ್ತಿ, ದನಿಯಿಲ್ಲದ ಕೀಬೋರ್ಡಿನ ಮೇಲೆ ಇಡೀ ದಾರಿಯನ್ನು ಟೈಪ್ ಮಾಡಿದೆ. ಎಂಟರ್.

ಠಣ್ ಎಂದಿತು. ತಪ್ಪು ಎಂಬ ಸದ್ದು.

"ಸಿಗಲಿಲ್ಲ ಅಂತ ಬರ್ದಿದೆ," ಎಂದರು ಮಾಮ, ಸತ್ತ ದನಿಯಲ್ಲಿ.

"ಏನು ಸಿಗಲಿಲ್ಲ? ನಾನು ಟೈಪ್ ಮಾಡಿದ್ದು ಹೇಗಿದೆ, ಅದನ್ನ ಓದಿ."

"ಅದು... ಓದೋಕೆ ಬರಲ್ಲ. ಗಜಿಬಿಜಿ. ಇಂಗ್ಲಿಷೂ ಅಲ್ಲ, ಏನೂ ಅಲ್ಲ."

ಸ್ಕ್ರೋಲ್ ಲಾಕ್. ನಾನು ಟಿಪ್ಪಣಿ ಬರೆಯುವ ಕನ್ನಡ ಸಾಫ್ಟ್‌ವೇರಿನಲ್ಲಿ ಆ ಕೀ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್. ಆ ಕನ್ನಡ ಬೇರೆ ಕಡೆ ಮೂಡಿದರೆ ಬರೀ ಗಜಿಬಿಜಿ. ಕನ್ನಡಕ್ಕೆ ತಿರುಗಿದ ಕೂಡಲೇ ದೊರೆ ಹೇಳಿಬಿಡುತ್ತಿದ್ದ, ಈಗ ಹೇಳುವವರಿಲ್ಲ. ಈ ಗಲಾಟೆಯಲ್ಲಿ ಯಾರ ಕೈ ತಗುಲಿತ್ತೋ, ಕೇಳಲು ಹೋಗಲಿಲ್ಲ. ಮೇಲಿನ ಸಾಲಿನಲ್ಲಿ ತಡಕಿ, ಆ ಕೀ ಒತ್ತಿ, ಮತ್ತೆ ಮೊದಲಿಂದ ಟೈಪ್ ಮಾಡಿದೆ. ಈ ಸಲ ಎಂಟರ್ ಒತ್ತುವ ಮುನ್ನ ಮಾಮನಿಂದ ಓದಿಸಿದೆ. ಡಿ, ಎರಡು ಚುಕ್ಕಿ, ಓರೆಗೆರೆ. ಒಂದೊಂದೇ ಅಕ್ಷರ ಅವರು ಹೇಳಿದರು. ಸರಿಯಿತ್ತು. ಒತ್ತಿದೆ.

ಡಿಸ್ಕು ಕರಕರ ಎಂದಿತು. ಆಮೇಲೆ ಏನೂ ಇಲ್ಲ. ಅಮ್ಮ ಏನೋ ಹೇಳತೊಡಗಿದಳು, ನಾನು ಕೈ ಎತ್ತಿ ತಡೆದೆ.

ಸ್ಪೀಕರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಹೊರಗೆ ಒಂದು ಸ್ಕೂಟರು ಹಾದುಹೋಯಿತು, ನಾಲ್ಕು ತಿಂಗಳ ಹಿಂದಿನ ಸ್ಕೂಟರು. ಆಮೇಲೆ ವಾದಿರಾಜ ಮಾಮನ ದನಿ, ಮಾಗಿದ, ಯಾವ ತಪ್ಪೂ ಮಾಡಿರದ ದನಿ, ಅಧ್ಯಾಯ ಒಂದು ಎಂದು ಶುರು ಮಾಡಿತು.

ನಾನು ಅದನ್ನು ನಿಲ್ಲಿಸಿ ಕೊನೆಯ ಅಧ್ಯಾಯದ ದಾರಿ ಟೈಪ್ ಮಾಡಿದೆ. ಅದೂ ಮಾತಾಡಿತು. ನಡುವಿನಿಂದ ಒಂದನ್ನು ಕರೆದೆ. ಅದೂ ಇತ್ತು. ಆಗ ನನಗೆ ಅಳು ಬಂತು, ಬರಲಿ ಎಂದು ಬಿಟ್ಟೆ.

"ಕಾಣ್ತಾ ಇರ್ಲಿಲ್ಲ ಸುಂದರಿ," ಎಂದರು ಮಾಮ. "ಈಗ್ಲೂ ಕಾಣ್ತಿಲ್ಲ. ಆಣೆ ಮಾಡಿ ಹೇಳ್ತೀನಿ, ಅಲ್ಲಿ ಏನೂ ಇಲ್ಲ."

"ನನಗೆ ಯಾವತ್ತು ಕಾಣ್ತಿತ್ತು ಮಾಮ?"

ಅದನ್ನು ನಾನು ಸಿಟ್ಟಿನಿಂದ ಹೇಳಲಿಲ್ಲ. ಅವರಿಗೆ ಹಾಗೆ ಕೇಳಿಸಿತೋ ಏನೋ. ಸ್ಪೀಕರಿನಲ್ಲಿ ಮಾತ್ರ ಅವರು ತಮ್ಮ ಪಾಡಿಗೆ ಚೆಕ್ಕು, ಹುಂಡಿ ಎಂದು ವಿವರಿಸುತ್ತಿದ್ದರು. ಕೊನೆಗೆ ಕುರ್ಚಿ ಸರಿಯಿತು, ಚಪ್ಪಲಿ ಹುಡುಕುವ ಕಾಲಿನ ಸದ್ದಾಯಿತು.

"ನಾನು ಹೊರಡ್ಲಾ? ನಿನಗೆ ಇನ್ನೂ ಎಲ್ಲಾ ಕೇಳ್ಬೇಕಲ್ಲ."

ನಾನು ಮೊದಲ ಅಧ್ಯಾಯಕ್ಕೆ ಹಿಂತಿರುಗಿದೆ.

"ಇರಿ," ಎಂದೆ. "ಮಧ್ಯದಲ್ಲಿ ಏನಾದ್ರೂ ಬಂದ್ರೆ ಓದಿ ಹೇಳೋರು ಬೇಕು. ಕೀಬೋರ್ಡ್ ಮಾತ್ರ ಮುಟ್ಬೇಡಿ."

ಅವರು ಕುರ್ಚಿಯನ್ನು ಮೇಜಿನಿಂದ ಒಂದು ಮೊಳ ಹಿಂದಕ್ಕೆ ಎಳೆದು ಹಾಕಿಕೊಂಡು ಕುಳಿತರು.